ಹಳೆ ಬಾವಿಗೆ ಮಣ್ಣು ಹಾಕುವ ಮುಂಚೆ

ಹಳೆ ಮನೆ ಕೆಡವಿ ಹೊಸದು ಕಟ್ಟಲು ಬರುವವರು ಹಿತ್ತಲಿನ ಬಾವಿ ಬಗ್ಗೆ ಕೇಳುವುದು ಒಂದೇ ಮಾತು: ‘ಅದನ್ನ ಮುಚ್ಚಿಬಿಡೋಣ ಅಲ್ವಾ ಸರ್?’ ಧಾರವಾಡದಲ್ಲಿ ಸಿವಿಲ್ ಎಂಜಿನಿಯರ್ ಆಗಿರುವ ನಾನು ಇದಕ್ಕೆ ಸುಲಭವಾಗಿ ಹೂಂ ಅನ್ನುವುದಿಲ್ಲ. ಕೆಡವಿದ ಗೋಡೆಯ ಕಲ್ಲುಮಣ್ಣು ಸುರಿಯಲು ಬಾವಿ ಅನುಕೂಲ, ನಿಜ. ಆದರೆ ಮಳೆನೀರನ್ನು ನೆಲಕ್ಕೆ ಇಳಿಸಲು ಹಿರಿಯರು ಆಗಲೇ ತೋಡಿಟ್ಟ ದಾರಿ ಅದು.

ನಾನು ಕ್ರೈಸ್ತ. ಬೈಬಲಿನ ಆದಿಕಾಂಡದ 26ನೇ ಅಧ್ಯಾಯ ನನ್ನ ಕೆಲಸಕ್ಕೆ ತೀರ ಹತ್ತಿರದ್ದು. ಅಬ್ರಹಾಮನ ಕಾಲದ ಬಾವಿಗಳಿಗೆ ಫಿಲಿಷ್ಟಿಯರು ಮಣ್ಣು ತುಂಬಿದ್ದರು. ಮಗ ಇಸಾಕ ಅವನ್ನು ಮತ್ತೆ ತೋಡಿಸಿದ. ಹೊಸ ಬಾವಿಗೆ ಜಗಳ ಬಂದಾಗ ಬಿಟ್ಟುಕೊಟ್ಟು ಮುಂದೆ ಹೋದ. ಭೂಮಿ ನನ್ನದು, ನೀವು ಇಲ್ಲಿ ತಂಗಿರುವವರು ಅಷ್ಟೇ ಎಂದು ಯಾಜಕಕಾಂಡದಲ್ಲಿ ದೇವರು ಹೇಳುತ್ತಾನೆ. ಇದನ್ನು ನಂಬಿದ ಮೇಲೆ, ಸೈಟು ಯಾರ ಹೆಸರಲ್ಲಿದ್ದರೂ ಅದರ ಕೆಳಗಿನ ನೀರು ಪಕ್ಕದ ಮನೆಯವರದೂ ಹೌದು ಅಂತಲೇ ನಾನು ನಕ್ಷೆ ಹಾಕಬೇಕು.

ಲೆಕ್ಕ ಸರಳ. 100 ಚದರ ಮೀಟರ್ ತಾರಸಿ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2,500 ಲೀಟರ್. ಪೋಲಾಗಿದ್ದು ಕಳೆದರೂ 2,000 ಲೀಟರ್ ಕೈಗೆ ಸಿಗುತ್ತದೆ. ಕಷ್ಟ ಇರುವುದು ನಮ್ಮ ಎರೆ ಮಣ್ಣಿನಲ್ಲಿ. ಒದ್ದೆಯಾದರೆ ಅದು ಉಬ್ಬಿ ಬಿಗಿಯಾಗುತ್ತದೆ, ನೀರು ಇಳಿಯುವುದೇ ಇಲ್ಲ. ಮನೆ ಕಟ್ಟುವ ಪರವಾನಗಿಗೆ ಮಳೆನೀರು ಇಂಗಿಸುತ್ತೇವೆ ಅಂತ ತೋರಿಸಲು ಸುಮ್ನೆ ಮೂರಡಿ ಗುಂಡಿ ತೋಡಿ ಜಲ್ಲಿ ತುಂಬುತ್ತಾರಲ್ಲ, ಅದರಲ್ಲಿ ಬೆಳೆಯುವುದು ಸೊಳ್ಳೆ ಮಾತ್ರ. ಎರೆ ದಾಟಿ ನೀರು ಇಂಗುವ ಗರಸು ಸಿಗುವವರೆಗೆ ಇಳಿಯಬೇಕು. ಹಳೆ ಬಾವಿ ಆಗಲೇ ಅಷ್ಟು ಆಳ ಇಳಿದಿರುತ್ತದೆ. ಅದರ ಬೆಲೆ ಇರುವುದೇ ಅಲ್ಲಿ.

ಹಾಗಂತ ತಾರಸಿಯ ಪೈಪನ್ನು ನೇರವಾಗಿ ಬಾವಿಗೆ ಬಿಡಬಾರದು. ಮೊದಲ ಮಳೆಯ ನೀರು ಹೊರಗೆ ಹೋಗಲಿ. ಆಮೇಲಿನದು ಒಂದು ತೊಟ್ಟಿಗೆ ಬರಲಿ: ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಶೋಧಿಸಿ ತಳಕ್ಕೆ ಬಂದ ನೀರು ಬಾವಿಗೆ. ಪಕ್ಕದಲ್ಲೇ ಶೌಚಗುಂಡಿ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಅದಾಗುವವರೆಗೆ ಬಾವಿ ಕೆಲಸ ಮುಟ್ಟಬೇಡಿ ಅಂತ ನಾನೇ ತಡೆಯುತ್ತೇನೆ. ಗದಗ ಜಿಲ್ಲೆಯ ಮುಂಡರಗಿ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಅಲ್ಲಿ ಮಳೆನೀರು ಇಳಿಸಿದ ಮೇಲೂ ಪರೀಕ್ಷೆ ಮಾಡಿಸದೆ ಬಾವಿ ನೀರು ಕುಡಿಯಬೇಡಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿರಬಾರದು.

ನಮ್ಮ ಕ್ರೈಸ್ತ ಸಭೆಗಳಿಗೂ ಒಂದು ಮಾತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದಿದ್ದು 1837ರಲ್ಲಿ. ಆಮೇಲೆ ಹುಬ್ಬಳ್ಳಿ, ಬೆಟಗೇರಿ. ಆ ಕಾಲದಿಂದ ನಮ್ಮ ಪಾಲಿಗೆ ಬಂದ ಚರ್ಚ್, ಶಾಲೆ, ಆಸ್ಪತ್ರೆಗಳ ಅಂಗಳ ದೊಡ್ಡದು, ಸೂರೂ ದೊಡ್ಡದು. ಕಾರು ನಿಲ್ಲಿಸಲು ಆ ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಮಿಟಿಯವರು ಗಾಡಿ ಓಡಾಡುವಷ್ಟಕ್ಕೆ ಮಾತ್ರ ಹಾಕಿಸಲಿ. ಉಳಿದ ದುಡ್ಡಲ್ಲಿ ಬಾವಿಯ ಹೂಳು ತೆಗೆಸಲಿ. ಏಪ್ರಿಲ್‌ನಲ್ಲಿ ತೊಟ್ಟಿಯ ಮರಳು ತೊಳೆಸುವ ಖರ್ಚನ್ನು ಪ್ರತಿ ವರ್ಷದ ಬಜೆಟ್‌ನಲ್ಲಿ ಬರೆದಿಡಲಿ, ಜವಾಬ್ದಾರಿ ಒಬ್ಬರ ಹೆಸರಿಗೆ ಇರಲಿ.