ಕಾರಿನ ಸಬ್‌ವೂಫರ್: ಮೊದಲು ಬಾಕ್ಸ್, ಆಮೇಲೆ ಆಂಪ್ಲಿಫೈಯರ್

ಸಬ್‌ವೂಫರ್, ಅಂದರೆ ಆಳದ ಬಾಸ್ ಸದ್ದಿಗೇ ಇರುವ ಸ್ಪೀಕರ್, ಅದರ ಜೊತೆ ಬರುವ ಚೀಟಿಯನ್ನು ಎಸೆಯಬೇಡಿ. ಬಾಕ್ಸ್ ಎಷ್ಟು ದೊಡ್ಡದಿರಬೇಕು ಅನ್ನುವುದು ಅದರಲ್ಲೇ ಇದೆ. ವಾಟ್ ನೋಡುವುದು ಆಮೇಲಿನ ಮಾತು.

ಚೀಟಿಯಲ್ಲಿ ನಾಲ್ಕು ಅಂಕಿ ಹುಡುಕಿ. ಎಫ್‌ಎಸ್ ಅಂದರೆ ಕೋನ್ ತಾನಾಗಿ ಅಲುಗುವ ಆವರ್ತನ. ಕ್ಯೂಇಎಸ್, ಕ್ಯೂಟಿಎಸ್ ಎರಡೂ ಆ ಅಲುಗಾಟಕ್ಕೆ ಎಷ್ಟು ಕಡಿವಾಣ ಇದೆ ಅಂತ ಹೇಳುತ್ತವೆ. ವಿಎಎಸ್ ಅಂದರೆ ಕೋನಿನ ಸಸ್ಪೆನ್ಶನ್‌ನಷ್ಟೇ ಬಿಗಿತ ಕೊಡುವ ಗಾಳಿಯ ಪ್ರಮಾಣ, ಲೀಟರ್‌ನಲ್ಲಿ.

ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿ. ಉತ್ತರ 50ರ ಆಸುಪಾಸು ಬಂದರೆ ಮುಚ್ಚಿದ ಬಾಕ್ಸ್, 100ರ ಹತ್ತಿರ ಬಂದರೆ ಪೋರ್ಟ್ (ಗಾಳಿ ಹೋಗಿಬರುವ ಕೊಳವೆ) ಇರುವ ಬಾಕ್ಸ್. ಇದು ಅಂದಾಜಿನ ಸೂತ್ರ, ಆದರೂ ದಾರಿ ತೋರಿಸುತ್ತದೆ. ಸಣ್ಣ ಕಾರಿಗೆ ಮುಚ್ಚಿದ್ದೇ ಮೇಲು: ಡಿಕ್ಕಿಯಲ್ಲಿ ಜಾಗ ಉಳಿಯುತ್ತದೆ, ನಗಾರಿಯ ಪೆಟ್ಟು ಎಳೆದಾಡದೆ ಸ್ಪಷ್ಟವಾಗಿ ಕೇಳುತ್ತದೆ, ಲೆಕ್ಕ ಸ್ವಲ್ಪ ತಪ್ಪಿದರೂ ಕೆಡುವುದು ಕಡಿಮೆ.

ಒಂದು ಲೆಕ್ಕ ಮಾಡೋಣ. 12 ಇಂಚಿನ ಸಬ್‌ವೂಫರ್, ಎಫ್‌ಎಸ್ 30 ಹರ್ಟ್ಜ್, ಕ್ಯೂಇಎಸ್ 0.55, ಕ್ಯೂಟಿಎಸ್ 0.5, ವಿಎಎಸ್ 50 ಲೀಟರ್. ಬಾಕ್ಸ್‌ಗೆ ಹಾಕಿದ ಮೇಲಿನ ಕ್ಯೂ, ಅಂದರೆ ಕ್ಯೂಟಿಸಿ, 0.8 ಇರಲಿ. 0.8 ಅನ್ನು 0.5ರಿಂದ ಭಾಗಿಸಿದರೆ 1.6, ಅದರ ವರ್ಗ 2.56, ಒಂದು ಕಳೆದರೆ 1.56. ವಿಎಎಸ್ ಅನ್ನು ಇದರಿಂದ ಭಾಗಿಸಿದರೆ 32 ಲೀಟರ್. ಸಬ್‌ವೂಫರ್‌ನ ಹಿಂಭಾಗವೇ ಸುಮಾರು 2.5 ಲೀಟರ್ ಜಾಗ ತಿನ್ನುವುದರಿಂದ ಒಟ್ಟು 34.5 ಲೀಟರ್ ಬೇಕು. ಒಳ ಅಳತೆ 40 × 34 × 25.4 ಸೆಂಮೀ ಇಟ್ಟರೆ ಸರಿಹೋಗುತ್ತದೆ.

ಎಡವುವುದು ಬಡಗಿಯ ಹತ್ತಿರ ಚೀಟಿ ಕೊಡುವಾಗ. ‘ಒಳ ಅಳತೆ’ ಅಂತ ದಪ್ಪಕ್ಷರದಲ್ಲಿ ಬರೆದುಕೊಡಿ. 18 ಮಿಮೀ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಳಸಿ ಇದೇ ಅಂಕಿಗಳನ್ನು ಹೊರ ಅಳತೆ ಅಂದುಕೊಂಡು ಕೊಯ್ದರೆ, ಮೂರೂ ಅಳತೆಗಳು ತಲಾ 3.6 ಸೆಂಮೀ ಕುಗ್ಗಿ, ಸಬ್‌ವೂಫರ್ ತಿನ್ನುವ ಜಾಗ ಕಳೆದು ಉಳಿಯುವುದು ಸುಮಾರು 21.6 ಲೀಟರ್ ಮಾತ್ರ. ಕ್ಯೂಟಿಸಿ 0.91ಕ್ಕೆ ಏರುತ್ತದೆ, ಬಾಕ್ಸ್‌ನ ಅನುರಣನ 48ರಿಂದ 55 ಹರ್ಟ್ಜ್‌ಗೆ ಹೋಗುತ್ತದೆ. ಆಳ ಹೋಗಿ ಬರೀ ಗುಮ್ಮು ಉಳಿಯುತ್ತದೆ. ಆಗ ಎಷ್ಟು ದೊಡ್ಡ ಆಂಪ್ ಹಾಕಿದರೂ ಆ ಗುಮ್ಮೇ ಜೋರಾಗುತ್ತದೆ.

ಮೂಲೆಗಳಿಗೆ ಒಳಗಿನಿಂದ ಅಂಟು, ಸಿಲಿಕಾನ್ ಎರಡೂ ಹಾಕಿ. ಸಿಲಿಕಾನ್‌ನ ಹುಳಿ ವಾಸನೆ ಪೂರ್ತಿ ಹೋಗುವವರೆಗೆ, ಕನಿಷ್ಠ ಒಂದು ದಿನ, ಸಬ್‌ವೂಫರ್ ಕೂರಿಸಬೇಡಿ. ಆ ಆವಿ ಕೋನಿನ ಸುತ್ತಲಿನ ಭಾಗಗಳಿಗೆ ಒಳ್ಳೆಯದಲ್ಲ. ಎಂಡಿಎಫ್‌ಗೆ ನೀರು ತಾಗಿದರೆ ಊದಿಕೊಳ್ಳುತ್ತದೆ. ಮಳೆಗಾಲದಲ್ಲಿ ಡಿಕ್ಕಿ ಸೋರುವ ಕಾರಾದರೆ ಮೊದಲು ರಬ್ಬರ್ ಬೀಡಿಂಗ್ ಬದಲಿಸಿ.

ಈಗ ಆಂಪ್. ಸಬ್‌ವೂಫರ್‌ನಲ್ಲಿ ಎರಡು ಕಾಯಿಲ್, ತಲಾ 4 ಓಮ್ ಇದ್ದರೆ, ಪ್ಯಾರಲಲ್‌ನಲ್ಲಿ 2 ಓಮ್, ಸೀರೀಸ್‌ನಲ್ಲಿ 8 ಓಮ್. 2 ಓಮ್‌ಗೆ 300 ವಾಟ್ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಕೊಡುವ ಕ್ಲಾಸ್ ಡಿ ಮೊನೊಬ್ಲಾಕ್, ಅಂದರೆ ಒಂದೇ ಚಾನೆಲ್‌ನ ಆಂಪ್, ಸಾಕು. ಡಬ್ಬದ ಮೇಲಿನ ‘ಮ್ಯಾಕ್ಸ್’ ಅಂಕಿಯನ್ನು ನಂಬಬೇಡಿ. ಶೇ. 80 ದಕ್ಷತೆ ಹಿಡಿದರೆ ಇದು ಎಳೆಯುವುದು ಸುಮಾರು 28 ಆಂಪಿಯರ್. ಶುದ್ಧ ತಾಮ್ರದ 8 ಗೇಜ್ ವೈರ್, 40 ಆಂಪಿಯರ್ ಫ್ಯೂಸ್. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ವೈರ್ ಕೊಟ್ಟರೆ 4 ಗೇಜ್‌ಗೆ ಹೋಗಿ. ಫ್ಯೂಸ್ ಬ್ಯಾಟರಿಯಿಂದ 45 ಸೆಂಮೀ ಒಳಗೇ ಇರಬೇಕು, ಯಾಕೆಂದರೆ ಅದು ಕಾಯುವುದು ವೈರನ್ನು, ಆಂಪನ್ನಲ್ಲ. ಅರ್ತ್ ವೈರ್ ಗಿಡ್ಡವಿರಲಿ, ಪೇಂಟ್ ಕೆರೆದ ಬರೀ ಲೋಹಕ್ಕೆ ಬಿಗಿಯಲಿ.

ಆಂಪ್‌ನ ಗೇನ್ (ಒಳಬರುವ ಸಿಗ್ನಲ್‌ ಅನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ತಿರುಪು) ಅನ್ನು ಕಿವಿಯಿಂದ ಇಡಬೇಡಿ. ಸಬ್‌ವೂಫರ್ ವೈರ್ ಬಿಚ್ಚಿ, ಬಾಸ್ ಬೂಸ್ಟ್ ಆಫ್ ಮಾಡಿ, ಬಾಸ್ ನಾಬ್ (ಸಬ್‌ವೂಫರ್ ಸದ್ದನ್ನಷ್ಟೇ ಏರಿಳಿಸುವ ಗುಂಡಿ) ಪೂರ್ತಿ ಏರಿಸಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು 50 ಹರ್ಟ್ಜ್ ಟೋನ್ ಹಾಕಿ. ಆಂಪ್‌ನ ಸ್ಪೀಕರ್ ತುದಿಗಳಿಗೆ ಹಿಡಿದ ಮಲ್ಟಿಮೀಟರ್ ಎಸಿಯಲ್ಲಿ 24.5 ವೋಲ್ಟ್ ತೋರಿಸುವವರೆಗೆ ಗೇನ್ ತಿರುಗಿಸಿ (300 × 2ರ ವರ್ಗಮೂಲ). ಲೋ ಪಾಸ್ (ಇದಕ್ಕಿಂತ ಮೇಲಿನ ಸದ್ದನ್ನು ತಡೆಯುವ ಫಿಲ್ಟರ್) 80 ಹರ್ಟ್ಜ್. ಬೆಂಗಳೂರು ಹೆದ್ದಾರಿಗೆ ಏರಿದ ಮೇಲೆ ಟೈರ್ ಸದ್ದು ಬಾಸನ್ನು ನುಂಗುತ್ತದೆ. ಆಗ ಹೆಚ್ಚಿಸಲು, ಮೈಸೂರಿಗೆ ಮರಳಿದ ಮೇಲೆ ಇಳಿಸಲು ಆ ಬಾಸ್ ನಾಬ್ ಇದೆ. ಗೇನ್ ಮುಟ್ಟಬೇಡಿ.