ಬುಲೆಟ್ ಬ್ಯಾರಲ್ ಹೋನಿಂಗ್ ಮತ್ತ ರನ್ನಿಂಗ್ ಇನ್: ಮರೀಬಾರದು ಅಂತ ಬರ್ದಿಟ್ಟ ನೋಟ್ಸ್

ಕೊಪ್ಪಳದಾಗ ಉಸ್ತಾದರ ಗ್ಯಾರೇಜಿಗೆ ಕೆಲಸ ಕಲಿಯಾಕ ಹೊಂಟು ನಾಲ್ಕು ತಿಂಗಳಾತು. ಈ ವಾರ ನಮ್ಮಪ್ಪನ ಹಳೇ ಬುಲೆಟ್ 350 ಬೈಕಿನ ಇಂಜಿನ್ ಬಿಚ್ಚಿದ್ವಿ, ನೀಲಿ ಹೊಗಿ ಬಿಡ್ತಿತ್ತು, ಆಯಿಲ್ ತಿಂತಿತ್ತು, ಅದಕ್ಕ ಬ್ಯಾರಲ್, ಅಂದ್ರ ಪಿಸ್ಟನ್ ಒಳಗ ಆಡೋ ಸಿಲಿಂಡರ್, ಬಳ್ಳಾರಿಗೆ ಒಯ್ದು ಒಳಗಿನ ತೂತು 0.50 ಎಂಎಂ ಅಗಲ ಮಾಡಿಸಿ (ಓವರ್‌ಸೈಜ್ ಬೋರ್) ಬಂದ್ವಿ. ಬಿಚ್ಚೋದು, ಜೋಡ್ಸೋದು ನಿಮಗೂ ಬರ್ತೈತಿ, ಅದನ್ನ ಬರಿಯಲ್ಲ. ಹೋನಿಂಗ್ ಅಂದ್ರ ಬೋರ್ ಒಳಗ ಕಲ್ಲು ತಿರುಗಿಸಿ ಸಣ್ಣ ಗೆರಿ ಎಳಿಯೋದು, ನಾನು ಎರಡು ದಿನ ಒದ್ದಾಡಿದ್ದು ಆ ಗೆರಿ ಲೆಕ್ಕದಾಗ, ಅದ ಇಲ್ಲಿ ಜಾಸ್ತಿ ಐತಿ.

ಮೊದ್ಲ ಅಳತಿ. ಹಳೇ ಬುಲೆಟ್ 350 ದು ಬೋರ್ (ತೂತಿನ ಅಗಲ) 70 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 90 ಎಂಎಂ, ಲೆಕ್ಕ ಹಾಕಿದ್ರ 346 ಸಿಸಿ. ಬ್ಯಾರಲ್ ಬೀಡಿಂದು (ಕಾಸ್ಟ್ ಐರನ್), ಪಿಸ್ಟನ್ ಅಲ್ಯೂಮಿನಿಯಂದು. ಅಲ್ಯೂಮಿನಿಯಂ ಬಿಸಿ ಆದಾಗ ಬೀಡಿನ ಸುಮಾರು ಎರಡರಷ್ಟು ಹಿಗ್ಗತೈತಿ, ಅದಕ್ಕ ತಣ್ಣಗಿದ್ದಾಗ ನಡುವ ಸಂದು ಬಿಟ್ಟಿರ್ಬೇಕು. ಇದು ಗೊತ್ತಿದ್ರ ಹೊಸ ಇಂಜಿನ್ ಯಾಕ ಸೀಜ್ ಆಗ್ತೈತಿ, ಅಂದ್ರ ಪಿಸ್ಟನ್ ಯಾಕ ಬಿಗದು ನಿಲ್ತೈತಿ, ಅನ್ನೋದು ತಾನ ತಿಳಿತೈತಿ.

ನುಣುಪಾಗಿ ಬಂದ ಬೋರ್ ಮ್ಯಾಲ ಮತ್ತ ಗೆರಿ ಯಾಕ?

ನಾನು ಬೋರ್ ಒಳಗ ಕನ್ನಡಿ ಹಂಗ ಹೊಳಿಬೇಕು ಅಂದ್ಕೊಂಡಿದ್ದೆ. ಅದು ತಪ್ಪು. ಕನ್ನಡಿ ಹಂಗಿದ್ರ ಗ್ವಾಡಿ ಮ್ಯಾಲ ಆಯಿಲ್ ನಿಲ್ಲಂಗಿಲ್ಲ, ಪಿಸ್ಟನ್ ಸುತ್ತ ಕೂಡೋ ಹೊಸ ರಿಂಗ್ ತಿಕ್ಕಿ ತನ್ನ ಜಾಗ ಮಾಡ್ಕೊಳ್ಳಾಕೂ ಆಗಂಗಿಲ್ಲ. ಹೋನ್ ಕಲ್ಲು ಎಳಿಯೋ ಗೆರಿಯಾಗ ಗುಡ್ಡ ಇರ್ತಾವು, ತಗ್ಗು ಇರ್ತಾವು. ರಿಂಗು ಗುಡ್ಡದ ತುದಿ ಸವಿಸಿಕೊಂಡು ಗ್ವಾಡಿಗೆ ಸರಿಯಾಗಿ ಕೂಡ್ತೈತಿ, ತಗ್ಗಿನಾಗ ಆಯಿಲ್ ಉಳಿತೈತಿ. ಇಷ್ಟ ನೋಡ್ರಿ, ರನ್ನಿಂಗ್ ಇನ್ ಅಂದ್ರ ಈ ತುದಿ ಸವಿಯೋ ಕೆಲಸ.

ಈಗ ನಾನು ಸಿಕ್ಕಿಹಾಕ್ಕೊಂಡ ಜಾಗ

ಹೋನಿಂಗ್ ಗೆರಿ ಒಂದನ್ನೊಂದು ಕತ್ತರಿ ಹಂಗ ದಾಟೋದಕ್ಕ ಕ್ರಾಸ್ ಹ್ಯಾಚ್ ಅಂತಾರ, ಎಲ್ಲಾ ಕಡೆ ಅದು 45 ಡಿಗ್ರಿ ಅಂತಾರ, ಕೆಲವರು 60 ಅಂತಾರ. ಯಾವ ಗೆರಿಗೂ ಯಾವ ಗೆರಿಗೂ ನಡುವ 45? ನಾನು ಪ್ರತಿ ಗೆರಿ ಅಡ್ಡಕ್ಕ 45 ಡಿಗ್ರಿ ಏರಿರ್ಬೇಕು ಅಂತ ತಿಳ್ಕೊಂಡೆ, ಹಂಗ ಮಾಡಿದ್ರ ಎರಡು ಗೆರಿ ನಡುವ 90 ಆಗ್ತೈತಿ, ಅದು ಭಾಳ ಕಡಿದು, ಆಯಿಲ್ ಸರ್ರನ ಕೆಳಗ ಇಳೀತೈತಿ. ಸರಿ ಅರ್ಥ ಅಂದ್ರ, ಮ್ಯಾಲ ಹೋಗೋವಾಗ ಬಿದ್ದ ಗೆರಿ, ಕೆಳಗ ಬರೋವಾಗ ಬಿದ್ದ ಗೆರಿ, ಇವೆರಡರ ನಡುವಿನ ಕೋನ 45, ಅಂದ್ರ ಒಂದೊಂದು ಗೆರಿ ಅಡ್ಡಕ್ಕ 22.5 ಡಿಗ್ರಿ ಅಷ್ಟ ಏರ್ತೈತಿ. ಮನ್ಯಾಗ ಅವ್ವ ಶಂಕರಪಾಳಿ ಕೊಯ್ತಾಳಲ್ಲ, ಆ ಶಂಕರಪಾಳಿ ಅಡ್ಡ ಮಲಗಿದಂಗ ಕಾಣ್ಬೇಕು, ಎದ್ದು ನಿಂತಂಗ ಅಲ್ಲ. ಈ ಹೋಲಿಕೆ ಸಿಕ್ಕ ಮ್ಯಾಲ ನನಗ ಮತ್ತ ಗೊಂದಲ ಆಗಿಲ್ಲ.

ಅದು ತಿಳಿದ ಮ್ಯಾಲೂ ಗೆರಿ ಸರಿ ಬರ್ಲಿಲ್ಲ. ಗುಜರಿ ಬ್ಯಾರಲ್ ಒಂದು ಹಿಡ್ಕೊಂಡು, ಮೂರು ಕಲ್ಲಿನ ಹೋನ್ ಡ್ರಿಲ್ಲಿಗೆ ಹಾಕಿ, ಹೋನಿಂಗ್ ಆಯಿಲ್ ಸುರುವಿ ಹೊಡದೆ, ಗೆರಿ ಎಲ್ಲಾ ಹೆಚ್ಚುಕಮ್ಮಿ ಅಡ್ಡಡ್ಡ ಬಿದ್ವು, ಬಳಿ ಏರ್ಸಿದಂಗ. ಉಸ್ತಾದರನ್ನ ಕೇಳಿದ್ರ ಅವರು ಒಂದ ಮಾತು ಅಂದ್ರು, "ಡ್ರಿಲ್ ನಿಧಾನ ಮಾಡಪಾ". ಯಾಕ ಅಂತ ರಾತ್ರಿ ಕುಂತು ಲೆಕ್ಕ ಹಾಕಿದೆ.

ಗೆರಿ ಎಷ್ಟು ಏರ್ತೈತಿ ಅನ್ನೋದು ಎರಡು ವೇಗದ ಮ್ಯಾಲ ಐತಿ, ಒಂದು ಕಲ್ಲು ಸುತ್ತೋ ವೇಗ, ಇನ್ನೊಂದು ನನ್ನ ಕೈ ಮ್ಯಾಲ ಕೆಳಗ ಆಡೋ ವೇಗ. ಕೈ ವೇಗವನ್ನ ಸುತ್ತೋ ವೇಗದಿಂದ ಭಾಗಿಸಿದ್ರ ಆ ಏರಿನ ಕೋನದ ಟ್ಯಾನ್ (tan) ಬರ್ತೈತಿ. ನನ್ನ ಡ್ರಿಲ್ 900 ಆರ್‌ಪಿಎಂ (ನಿಮಿಷಕ್ಕ 900 ಸುತ್ತು) ಇತ್ತು, ಬೋರ್ ಸುತ್ತಳತಿ ಸುಮಾರು 220 ಎಂಎಂ, ಅಂದ್ರ ಕಲ್ಲು ನಿಮಿಷಕ್ಕ 198 ಮೀಟರ್ ಓಡ್ತಿತ್ತು. ಕೈ ಸೆಕೆಂಡಿಗೆ ಒಂದು ಸಲ ಮ್ಯಾಲ ಹೋಗಿ ಕೆಳಗ ಬರ್ತಿತ್ತು, ಹೋಗೋದು 100 ಎಂಎಂ ಬರೋದು 100 ಎಂಎಂ, ನಿಮಿಷಕ್ಕ 12 ಮೀಟರ್. 12 ಭಾಗಿಸು 198, 0.06, ಅಂದ್ರ ಮೂರೂವರೆ ಡಿಗ್ರಿ, ಎರಡು ಗೆರಿ ನಡುವ 7 ಡಿಗ್ರಿ. ಬೇಕಾದದ್ದು 45, ಬಂದದ್ದು 7! ಡ್ರಿಲ್ ಅಷ್ಟ ಜೋರಿದ್ರ ಕೈ ಸೆಕೆಂಡಿಗೆ ಆರೇಳು ಸಲ ಆಡ್ಬೇಕು, ಅದು ಯಾರ ಕೈಲೂ ಆಗಂಗಿಲ್ಲ.

ಇದ ಲೆಕ್ಕ ತಿರುಗಿಸಿದ್ರ ಒಂದು ಶಾರ್ಟ್‌ಕಟ್ ಸಿಗ್ತೈತಿ, ನನಗ ಭಾಳ ಇಷ್ಟ ಆಗಿದ್ದು ಇದ: ಕೈ ಒಂದು ಸಲ ಪೂರ್ತಿ ಹೋಗಿ ಬರೋದ್ರಾಗ ಕಲ್ಲು ಎರಡ ಸುತ್ತು ಸುತ್ತಬೇಕು. ಪಕ್ಕಾ ಅಂದ್ರ 45 ಕ್ಕ 2.2 ಸುತ್ತು, 60 ಕ್ಕ 1.6 ಸುತ್ತು, ಎರಡು ಅಂತ ನೆನಪಿಟ್ರ ನಡುವ ಬೀಳ್ತೈತಿ. ಸೆಕೆಂಡಿಗೊಂದು ಸಲ ಕೈ ಆಡಿಸಿದ್ರ ಡ್ರಿಲ್ 120 ರಿಂದ 130 ಆರ್‌ಪಿಎಂ ಸಾಕು, ಟ್ರಿಗರ್ ಅರ್ಧಕ್ಕಿಂತ ಕಡಿಮಿ ಒತ್ತಿ. ಇದು 70 ಎಂಎಂ ಬೋರ್, 100 ಎಂಎಂ ಕೈ ಓಟಕ್ಕ. ಸ್ಪ್ಲೆಂಡರ್ ಬೋರ್ 50 ಎಂಎಂ, ಕೈ ಓಟನೂ ಗಿಡ್ಡ, ಸ್ಟ್ರೋಕ್ ಬರೇ 49.5, ಅದಕ್ಕ ಲೆಕ್ಕ ಮತ್ತ ಹಾಕ್ಕೋರಿ: ಹೋಗಿ ಬರೋ ಒಟ್ಟು ದೂರವನ್ನ ಬೋರ್ ಸುತ್ತಳತಿಯಿಂದ ಭಾಗಿಸಿ, ಬಂದದ್ದನ್ನ 0.414 ರಿಂದ (22.5 ಡಿಗ್ರಿ ಟ್ಯಾನ್) ಭಾಗಿಸ್ರಿ, ಅಷ್ಟು ಸುತ್ತು.

ಮರುದಿನ ಅದ ಗುಜರಿ ಬ್ಯಾರಲ್ಲಿಗೆ ಹೊಡದೆ, ಶಂಕರಪಾಳಿ ಬಂತು. ಉಸ್ತಾದರು ಟಾರ್ಚ್ ಹಿಡಿದು ನೋಡಿ, "ಈಗ ನಿಮ್ಮಪ್ಪಂದು ಹಾಕ್ಕೋ" ಅಂದ್ರು.

ಇನ್ನೊಂದು ಮಾತು, ಕಲ್ಲು ಎರಡೂ ತುದಿಯಾಗ ತನ್ನ ಉದ್ದದ ಕಾಲು ಭಾಗದಷ್ಟು ಹೊರಗ ಬರ್ಬೇಕು. ಬರ್ದಿದ್ರ ನಡುವ ಜಾಸ್ತಿ ಸವಿದು ಡೊಳ್ಳು ಹಂಗ ಆಗ್ತೈತಿ. ಪೂರ್ತಿ ಹೊರಗೂ ಬರ್ಬಾರ್ದು, ಕಲ್ಲು ಚದುರಿ ಕೈಗೆ ಬಡಿತೈತಿ.

ತೊಳಿಯೋದು

ನಾನು ಪೆಟ್ರೋಲಿನ್ಯಾಗ ತೊಳೆದು ಆತು ಅಂದ್ಕೊಂಡೆ. ಉಸ್ತಾದರು ಬಿಳೇ ಧೋತರದ ಬಟ್ಟಿಗೆ ಚೂರು ಆಯಿಲ್ ಹಚ್ಚಿ ಒಳಗ ಒರಿಸಿದ್ರು, ಬಟ್ಟಿ ಬೂದಿ ಬಣ್ಣ. ಪೆಟ್ರೋಲ್ ಆಗ್ಲಿ ಸೀಮೆಎಣ್ಣಿ ಆಗ್ಲಿ ಜಿಡ್ಡು ಒಯ್ತೈತಿ, ಕಲ್ಲಿನ ಪುಡಿ ಮಾತ್ರ ಗೆರಿ ತಗ್ಗಿನಾಗ ಉಳಿತೈತಿ, ಆ ಪುಡಿ ಇಟ್ಟುಕೊಂಡು ಇಂಜಿನ್ ಚಾಲೂ ಮಾಡಿದ್ರ ಹೊಸ ರಿಂಗಿಗೆ ಮರಳು ಕಾಗದ ಹಚ್ಚಿದಂಗ. ಬಿಸಿ ನೀರು, ಸೋಪಿನ ಪುಡಿ, ಬ್ರಷ್ ತಗೊಂಡು ತಿಕ್ಕ್ರಿ, ಬಿಳೇ ಬಟ್ಟಿ ಬಿಳೇದಾಗೇ ಹೊರಗ ಬರೋತನಕ. ನನಗ ಐದು ಸಲ ತೊಳಿಬೇಕಾತು. ಒರಿಸಿದ ಕೂಡ್ಲೇ ಆಯಿಲ್ ಹಚ್ಚ್ರಿ, ಬರೇ ಬೀಡು ಕೆಲವೇ ನಿಮಿಷದಾಗ ತುಕ್ಕು ಹಿಡಿಯಾಕ ಶುರು ಮಾಡ್ತೈತಿ.

ರಿಂಗ್ ಗ್ಯಾಪ್ (ರಿಂಗಿನ ಎರಡು ತುದಿ ನಡುವಿನ ಸಂದು): ರಿಂಗ್ ಬೋರಿನಾಗ ಇಟ್ಟು ಪಿಸ್ಟನ್ ತಲಿಯಿಂದ ತಳ್ಳಿ ನೆಟ್ಟಗ ಮಾಡ್ರಿ, ಸಂದು ಅಳಿಯೋ ತೆಳು ತಗಡು, ಫೀಲರ್ ಗೇಜ್, ಹಾಕ್ರಿ. ಕೈ ಲೆಕ್ಕ ಬೋರಿನ ಸಾವಿರಕ್ಕ ನಾಲ್ಕು ಭಾಗ, 70.5 ಕ್ಕ ಸುಮಾರು 0.28 ಎಂಎಂ. ಕಿಟ್ ಜೊತಿ ಚೀಟಿ ಬಂದಿದ್ರ ಅದ ಮುಖ್ಯ.

ರನ್ನಿಂಗ್ ಇನ್

ಊರಾಗ ಹಿರೇರು "ನಲವತ್ತು ದಾಟಬ್ಯಾಡ" ಅಂತಾರ, ಮೊಬೈಲಿನಾಗ ನೋಡಿದ್ರ "ಜೋರ ಹೊಡಿ" ಅಂತಾರ. ನನಗ ಇಬ್ಬರದ್ದೂ ಅರ್ಧರ್ಧ ಸರಿ ಅನಿಸ್ತೈತಿ. ರಿಂಗ್ ಗ್ವಾಡಿಗೆ ಒತ್ತೋದು ಬರೇ ತನ್ನ ಸ್ಪ್ರಿಂಗ್ ಶಕ್ತಿಯಿಂದ ಅಲ್ಲ, ಉರಿದ ಗ್ಯಾಸ್ ರಿಂಗಿನ ಹಿಂದ ಹೊಕ್ಕು ಅದನ್ನ ಹೊರಗ ತಳ್ತೈತಿ. ಲೋಡ್ ಇಲ್ದಂಗ ನಿಧಾನ ಹೊಡದ್ರ ಆ ಒತ್ತಡ ಬರಂಗಿಲ್ಲ, ಆಯಿಲ್ ಗ್ವಾಡಿಗೆ ಸುಟ್ಟು ಅಂಟಿ ಮೆರಗು ಕೂಡ್ತೈತಿ, ಆಮ್ಯಾಲ ರಿಂಗ್ ಕೂಡೋದ ಇಲ್ಲ. ಹಂಗಂತ ಒಂದ ಸಮನ ಜೋರು ಹೊಡದ್ರ ಗಾಳಿಯಿಂದ ತಣ್ಣಗಾಗೋ ಇಂಜಿನ್, ನಮ್ಮ ಬಿಸಲು, ಪಿಸ್ಟನ್ ಹಿಗ್ಗಿ ಸೀಜ್.

ಅದಕ್ಕ ಹಿಂಗ ಮಾಡಾಕತ್ತೀನಿ: ಬೆಳಿಗ್ಗೆ ಆರಕ್ಕ ಕುಷ್ಟಗಿ ರೋಡ್ ಹಿಡಿತೀನಿ, ಗಿಣಿಗೇರಾ ಕಡೆ ಹೋಗಂಗಿಲ್ಲ, ಫ್ಯಾಕ್ಟರಿ ಲಾರಿ ಧೂಳು ಜಾಸ್ತಿ. ಮೂರನೇ ಗೇರಿನಾಗ 30 ರಿಂದ 50 ರತನಕ ಗಟ್ಟಿಯಾಗಿ ಥ್ರಾಟಲ್ ಕೊಟ್ಟು, ಪೂರ್ತಿ ಬಿಟ್ಟು ಮತ್ತ 30 ಕ್ಕ ಇಳಿಸ್ತೀನಿ. ಬಿಟ್ಟಾಗ ಒಳಗ ವ್ಯಾಕ್ಯೂಮ್ ಆಗಿ ಆಯಿಲ್ ಗ್ವಾಡಿಗೆ ಏರಿ ಬರ್ತೈತಿ, ತಂಪೂ ಆಗ್ತೈತಿ. ಹತ್ತು ಸಲ ಮಾಡಿ ಬೇವಿನ ಗಿಡದ ನೆಳ್ಳಿಗೆ ನಿಲ್ಲಿಸಿ ಇಂಜಿನ್ ಆರಿಸ್ತೀನಿ. ನಿಲ್ಲಿಸಿದಲ್ಲೇ ಚಾಲೂ ಬಿಡೋದು ಬ್ಯಾಡ.

ಮೊದಲ ಆಯಿಲ್ 50 ಕಿಲೋಮೀಟರಿಗೇ ಬಸಿದ್ವಿ, ತಾಟಿನಾಗ ಹಾಕಿ ಬಿಸಲಿಗೆ ಹಿಡಿದ್ರ ಸಣ್ಣ ಮಿಣಿಮಿಣಿ ಪುಡಿ ಕಂಡ್ತು, ಅದು ಆ ಗುಡ್ಡದ ತುದಿ ಸವಿದದ್ದು. ಇವತ್ತಿಗೆ 180 ಆತು, ಥ್ರಾಟಲ್ ಬಿಟ್ಟಾಗ ನೀಲಿ ಹೊಗಿ ಇಲ್ಲ. ಹೆಡ್ ನಟ್ ನಾಳೆ ಇಂಜಿನ್ ತಣ್ಣಗಿದ್ದಾಗ ಇನ್ನೊಮ್ಮೆ ಟೈಟ್ ನೋಡ್ಬೇಕು, ಟ್ಯಾಪೆಟ್ಟೂ (ವಾಲ್ವ್ ಸಂದು) ಅದ ಹೊತ್ತಿನ್ಯಾಗ, ಎರಡನೇ ಆಯಿಲ್ 500 ಕ್ಕ.