ಪ್ರೇಕ್ಷಕರ ಸಾಲಿನಲ್ಲೇ ಕಳೆದುಹೋದ ಮಗು: ಅರ್ಜೆಂಟೀನಾದ ‘ಗುರುತಿಗಾಗಿ ರಂಗಭೂಮಿ’ ಕುರಿತ ಟಿಪ್ಪಣಿ

ಅರ್ಜೆಂಟೀನಾದಲ್ಲಿ 1976ರ ಮಾರ್ಚ್ 24ರಿಂದ 1983ರ ತನಕ ಸೇನಾಡಳಿತವಿತ್ತು. ಗುಪ್ತ ಬಂಧನಕೇಂದ್ರಗಳಲ್ಲಿದ್ದ ಎಷ್ಟೋ ಗರ್ಭಿಣಿಯರನ್ನು ಹೆರಿಗೆಯಾಗುವವರೆಗೆ ಮಾತ್ರ ಜೀವಂತ ಇಟ್ಟರು. ಕೂಸು ಸುಳ್ಳು ಜನನ ದಾಖಲೆಯೊಂದಿಗೆ ಬೇರೆ ಮನೆ ಸೇರುತ್ತಿತ್ತು, ಹಲವು ಸಲ ಸೇನೆಗೆ ಹತ್ತಿರದವರ ಮನೆಯನ್ನೇ. ಹೀಗೆ ಕಳವಾದ ಮಕ್ಕಳು ಸುಮಾರು 500 ಎಂಬುದು ಕಳವಾದ ಮೊಮ್ಮಕ್ಕಳನ್ನು ಹುಡುಕಲು 1977ರಲ್ಲಿ ಒಟ್ಟಾದ ‘ಪ್ಲಾಸಾ ದೆ ಮಾಯೋ ಅಜ್ಜಿಯರು’ ಸಂಘಟನೆಯ ಅಂದಾಜು.

2000ದ ಹೊತ್ತಿಗೆ ಆ ಮಕ್ಕಳಿಗೆ ಇಪ್ಪತ್ತರ ಆಸುಪಾಸು. ಅದೇ ವರ್ಷ ರಾಜಧಾನಿ ಬ್ಯೂನಸ್ ಐರಿಸ್‌ನ ರೋಹಾಸ್ ಸಾಂಸ್ಕೃತಿಕ ಕೇಂದ್ರದಲ್ಲಿ ಪತ್ರಿಸಿಯಾ ಸಾಂಗಾರೊ ಬರೆದ ‘ಸಂಶಯದ ಕುರಿತು’ ನಾಟಕ ರಂಗಕ್ಕೆ ಬಂತು. ‘ಗುರುತಿಗಾಗಿ ರಂಗಭೂಮಿ’ ಎಂಬ ಚಳವಳಿ ಶುರುವಾದದ್ದು ಇಲ್ಲಿಂದಲೇ. ಅಜ್ಜಿಯರ, ಪತ್ತೆಯಾದ ಮೊಮ್ಮಕ್ಕಳ, ಮಕ್ಕಳನ್ನು ಕದ್ದಿಟ್ಟುಕೊಂಡವರ ಹೇಳಿಕೆಗಳೇ ಅದರ ಪಠ್ಯ. ಯುವಕರ ಮೇಳವೊಂದು ಪ್ರೇಕ್ಷಕರನ್ನೇ ನೋಡಿ ಕೇಳುತ್ತದೆ: ‘ನೀನು ಯಾರು ಅಂತ ನಿನಗೆ ಗೊತ್ತಾ?’ ಸಂಶಯ ಹೊತ್ತು ಅಜ್ಜಿಯರ ಬಳಿಗೆ ಬರುವ ಯುವಕರು ಆಮೇಲೆ ಹೆಚ್ಚಿದರು.

ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪುವುದು ಇಲ್ಲೇ: ನಾಟಕ ಯಾರನ್ನೂ ಗುರುತಿಸುವುದಿಲ್ಲ. ಗುರುತಿಸುವುದು ರಕ್ತ. ತಂದೆತಾಯಿ ಇಲ್ಲದ್ದರಿಂದ ಅಜ್ಜ-ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮಂದಿರ ಮಾದರಿಗಳ ಜೊತೆ ಹೋಲಿಸಬೇಕು. ಅದಕ್ಕೆಂದೇ 1987ರಲ್ಲಿ ರಾಷ್ಟ್ರೀಯ ಆನುವಂಶಿಕ ದತ್ತಾಂಶ ಬ್ಯಾಂಕ್ ಸ್ಥಾಪನೆಯಾಯಿತು. ಸಂಶಯ, ಅಜ್ಜಿಯರ ಕಚೇರಿ, ರಕ್ತಪರೀಕ್ಷೆ ಎಂಬ ಸರಪಳಿಯಲ್ಲಿ ನಾಟಕದ್ದು ಮೊದಲ ಕೊಂಡಿ. ಈವರೆಗೆ ಗುರುತು ಮರಳಿ ಪಡೆದವರು 130ಕ್ಕೂ ಹೆಚ್ಚು.

ಇದೇ ಮಾದರಿಯಲ್ಲಿ ತರಗತಿಗೆ ಕಿರುನಾಟಕ ಕಟ್ಟುವವರು 10–15 ನಿಮಿಷ ಮೀರಬೇಡಿ. ಮೂರು ಹೇಳಿಕೆ ಸಾಕು. ಒಂದು ಹುಡುಕುವವರದು, ಒಂದು ಪತ್ತೆಯಾದವರದು, ಒಂದು ಬಚ್ಚಿಟ್ಟವರದು. ಮೂರನೆಯದನ್ನು ಬಿಟ್ಟರೆ ನಾಟಕ ಬರೀ ಶೋಕಾಚರಣೆ. ಅಪರಾಧ ನಡೆದದ್ದು ಹೇಗೆಂಬುದೇ ಕಾಣುವುದಿಲ್ಲ. ಹೇಳಿಕೆಗಳು ಒಂದಕ್ಕೊಂದು ಹೊಂದದಿದ್ದರೆ ತಿದ್ದಬೇಡಿ. ಚಿತ್ರಹಿಂಸೆಯನ್ನು ನಟಿಸಿ ತೋರಿಸುವುದು ದೊಡ್ಡ ಎಡವಟ್ಟು: ಎಳೆಯರು ಬೆಚ್ಚಿ ಕಣ್ಣು ಮುಚ್ಚುತ್ತಾರೆ, ಇಲ್ಲವೇ ಅದು ರೋಚಕ ದೃಶ್ಯವಾಗಿ ಮುಗಿಯುತ್ತದೆ. ನಟರೇ ಬಿಕ್ಕಿದರೆ ಪ್ರೇಕ್ಷಕರಿಗೆ ಕೆಲಸವೇ ಉಳಿಯದು. ಹೆಸರು, ಊರು, ತಾರೀಖನ್ನು ಸಪಾಟಾಗಿ ಹೇಳಿಸಿ.

ಕೊನೆಗೆ ನಟರು ಪಾತ್ರ ಕಳಚಿ ಸ್ವಂತ ಹೆಸರು ಹೇಳುವುದು, ನಾನು ಯಾರೆಂದು ಗೊತ್ತಿರುವುದರಿಂದ ಇದನ್ನು ಹೇಳಬಲ್ಲೆ ಎನ್ನುವುದು ಈ ರಂಗಚಳವಳಿಯ ರೂಢಿ. ಅದಾದ ಮೇಲೆ ಅರ್ಧ ಗಂಟೆ ಮಾತುಕತೆಗೆ ಇಡಿ. ಸಂಶಯ ಬಂದವರು ಎಲ್ಲಿಗೆ ಹೋಗಬೇಕೆಂಬ ವಿಳಾಸವೂ ಬಾಗಿಲಲ್ಲಿರಲಿ. ಕಳವಾದ ಆ ಮಕ್ಕಳಿಗೀಗ ಐವತ್ತರ ಆಸುಪಾಸು. ಆದ್ದರಿಂದ ಇಂದಿನ ಹದಿಹರೆಯದವರ ಮುಂದೆ ಪ್ರಶ್ನೆಯೂ ಬದಲಾಗಬೇಕು: ‘ನಿನ್ನ ಅಪ್ಪ, ಅಮ್ಮ ಯಾರ ಮಕ್ಕಳು?’